ಲೀಟರ್ ಹೆಚ್ಚಿದ್ದರೆ ಬ್ಯಾಗ್ ಹೆಚ್ಚು ಭಾರ ಹೊರುತ್ತದೆಯೇ?

ಇಲ್ಲ. ಅಮೆರಿಕದ ಕೊಲೊರಾಡೊ ಬೆಟ್ಟಗಳಲ್ಲಿ ಲೈಸೆನ್ಸ್ ಪಡೆದು ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಬೇಟೆಯಾಡುವವರು, ರಸ್ತೆಯಿಲ್ಲದ ಕಡೆ ಮಾಂಸವನ್ನು ಬೆನ್ನ ಮೇಲೆಯೇ ಹೊತ್ತು ತರುತ್ತಾರೆ. ಮೂಳೆಸಹಿತ ಒಂದು ಹಿಂದೊಡೆಯೇ 25 ಕಿಲೋ ದಾಟಬಹುದು. ಹಾಗಾಗಿ ಬ್ಯಾಗಿನ ಗಾತ್ರಕ್ಕಿಂತ ಅದರ ಚೌಕಟ್ಟನ್ನು ಮೊದಲು ನೋಡಿ ಎನ್ನುತ್ತೇವೆ ನಾವು. ಚೌಕಟ್ಟು ಗಟ್ಟಿಯಿದ್ದರೆ ಭಾರ ಸೊಂಟದ ಪಟ್ಟಿಗೆ ಇಳಿಯುತ್ತದೆ; ಬಾಗಿದರೆ ಹೆಗಲೇ ಗತಿ. ಮಾಂಸವನ್ನು ಚೀಲದ ತಳಕ್ಕೆ ತುರುಕದೆ, ಚೌಕಟ್ಟಿಗೂ ಚೀಲಕ್ಕೂ ನಡುವೆ, ಬೆನ್ನಿಗೆ ಹತ್ತಿರವಾಗಿ ಬಿಗಿಯಬೇಕು. ದೂರವಾದಷ್ಟೂ ಅದು ನಮ್ಮನ್ನು ಹಿಂದಕ್ಕೆ ಜಗ್ಗುತ್ತದೆ. ಪ್ಲಾಸ್ಟಿಕ್ ಕವರ್ ಮಾತ್ರ ಬೇಡ: ಬಿಸಿ, ತೇವ ಒಳಗೇ ಉಳಿದು ಮಾಂಸ ಕೆಡುತ್ತದೆ. ಗಾಳಿಯಾಡುವ ಬಟ್ಟೆಚೀಲದಲ್ಲಿ ನೆರಳಿಗೆ ತೂಗುಹಾಕಿ, ತಣಿದ ಮೇಲೆ ಹೊರುವುದು ಸರಿ. (ಭಾರತದಲ್ಲಿ ವನ್ಯಪ್ರಾಣಿ ಬೇಟೆ 1972ರ ಕಾಯ್ದೆಯಡಿ ಅಪರಾಧ.) ಕೊಳ್ಳುವ ಮುನ್ನ ಅಂಗಡಿಯಲ್ಲೇ 25 ಕಿಲೋ ತುಂಬಿಸಿ ನಾಲ್ಕು ಹೆಜ್ಜೆ ನಡೆಯಿರಿ. ಪಟ್ಟಿ ಸೊಂಟದ ಮೂಳೆಯಿಂದ ಕೆಳಕ್ಕೆ ಜಾರಿದರೆ ಆ ಬ್ಯಾಗ್ ವಾಪಸ್ ಕೊಡಿ.