ಮನೆಯ ಮಕ್ಕಳಿಗೆ ಉಚಿತ ಆಪ್ತಸಮಾಲೋಚನೆ: ಬೆಳೆಗಾರ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ತೋಟಕ್ಕೆ ರೋಗ ಬಂದರೆ ಏನು ಮಾಡಬೇಕೆಂದು ನಮ್ಮ ಸದಸ್ಯರಿಗೆ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿಯುವ ಮೊದಲೇ ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಅರೇಬಿಕಾ ಗಿಡ ಹಳದಿಯಾಗಿ ಸೊರಗಿದರೆ ಕಾಂಡಕೊರಕ ಹೊಕ್ಕಿದೆಯೋ ಎಂದು ತೊಗಟೆಯ ಮೇಲಿನ ಉಬ್ಬನ್ನು ಕೈಯಿಂದ ಸವರಿ ನೋಡುತ್ತೇವೆ. ಆದರೆ ಮನೆಯಲ್ಲಿ ಬೆಳೆದ ಮಗನೋ ಮಗಳೋ ಮಾತು ಕಡಿಮೆ ಮಾಡಿ, ಊಟ ನಿದ್ದೆ ಕೆಡಿಸಿಕೊಂಡು ಕುಳಿತರೆ ಯಾರನ್ನು ಕೇಳಬೇಕೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಈ ಬಗ್ಗೆ ಸರ್ಕಾರದಿಂದ ದೊರೆಯುವ ಉಚಿತ ಸೌಲಭ್ಯಗಳನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ತೊಂದರೆಯ ಸ್ವರೂಪ

ಹರೆಯದವರ ಕಷ್ಟಗಳು ಎಲ್ಲ ಕಡೆಯೂ ಇವೆ. ನಮ್ಮ ಸೀಮೆಯಲ್ಲಿ ಅವಕ್ಕೆ ತಮ್ಮದೇ ಆದ ಬಣ್ಣವಿದೆ. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯಲ್ಲಿ ನಪಾಸಾದ ಹುಡುಗ, ಪೇಟೆಯ ಕಾಲೇಜಿನಿಂದ ಅರ್ಧಕ್ಕೇ ಮರಳಿದ ಹುಡುಗಿ, ಮೊಬೈಲಿನಲ್ಲಿ ಹಣ ಕಟ್ಟಿ ಆಡಿ ಸಾಲ ಮಾಡಿಕೊಂಡವನು, ಸ್ನೇಹಿತರ ಜೊತೆ ಕುಡಿತಕ್ಕೋ ಗಾಂಜಾಕ್ಕೋ ಬಿದ್ದವನು, ಹೀಗೆ ಒಬ್ಬೊಬ್ಬರದು ಒಂದೊಂದು ದಾರಿ. ತೋಟ ನೋಡಿಕೊಳ್ಳಲೆಂದು ಊರಿನಲ್ಲೇ ಉಳಿದ ಯುವಕನಿಗೆ ಹೆಣ್ಣು ಕೊಡಲು ಜನ ಹಿಂಜರಿಯುವುದೂ ಒಂದು ನೋವು. ಒಂಟಿ ಮನೆಗಳ ನಮ್ಮ ಮಲೆನಾಡಿನಲ್ಲಿ ಮಳೆಗಾಲದ ತಿಂಗಳುಗಳು ಇಂಥವರಿಗೆ ಇನ್ನಷ್ಟು ಭಾರ.

ಸೋಮಾರಿತನ, ಹಟ, ಕೆಟ್ಟ ಸಹವಾಸ ಎಂದು ನಾವು ಬೈಯುವುದರ ಹಿಂದೆ ಎಷ್ಟೋ ವೇಳೆ ಖಿನ್ನತೆ ಅಥವಾ ಆತಂಕದ ಕಾಯಿಲೆ ಇರುತ್ತದೆ. ಕೆಳಗಿನ ಲಕ್ಷಣಗಳು ಎರಡು ವಾರ ಮೀರಿ ಮುಂದುವರಿದರೆ ಅಲಕ್ಷ್ಯ ಮಾಡಬಾರದು:

1. ನಿದ್ದೆ, ಊಟಗಳಲ್ಲಿ ದೊಡ್ಡ ಬದಲಾವಣೆ. ಮೈಕೈ ಶುಚಿಯ ಕಡೆ ಗಮನವಿಲ್ಲದಿರುವುದು.
2. ಮೊದಲು ಇಷ್ಟಪಡುತ್ತಿದ್ದ ಆಟ, ಸ್ನೇಹಿತರು, ಕೆಲಸ ಯಾವುದೂ ಬೇಡವೆನಿಸುವುದು.
3. ಸಣ್ಣದಕ್ಕೂ ಸಿಟ್ಟು, ಅಳು, ಮನೆಯಲ್ಲಿ ಹಣ ಕಾಣೆಯಾಗುವುದು.

"ನಾನಿದ್ದು ಏನು ಪ್ರಯೋಜನ" ಎಂಬಂಥ ಮಾತು, ತನ್ನ ಮೆಚ್ಚಿನ ವಸ್ತುಗಳನ್ನು ಹಂಚಿಬಿಡುವುದು, ಇದ್ದಕ್ಕಿದ್ದಂತೆ ಎಲ್ಲರಿಗೂ ವಿದಾಯ ಹೇಳುವುದು ಕಂಡರೆ ಎರಡು ವಾರವಲ್ಲ, ಒಂದು ದಿನವೂ ಕಾಯಬಾರದು.

ಆಪ್ತಸಮಾಲೋಚನೆ ಎಂದರೇನು?

ಇದು ಬುದ್ಧಿವಾದವಲ್ಲ. ಬುದ್ಧಿ ಹೇಳಲು ಮನೆಯಲ್ಲಿ ಅಜ್ಜ, ಅಜ್ಜಿ, ಮಾವ ಎಲ್ಲರೂ ಇದ್ದಾರೆ. ತರಬೇತಿ ಪಡೆದ ಆಪ್ತಸಮಾಲೋಚಕರು ಮೊದಲು ಕೇಳಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಹುಡುಗನೊಡನೆ ಪ್ರತ್ಯೇಕವಾಗಿ ಮಾತನಾಡಿ, ನಂತರ ತಂದೆ ತಾಯಿಯರ ಮಾತು ಕೇಳಿ, ಆಮೇಲೆ ಎಲ್ಲರನ್ನೂ ಒಟ್ಟಿಗೆ ಕೂರಿಸುತ್ತಾರೆ. ಸಾಲವೋ, ಪರೀಕ್ಷೆಯೋ, ಕುಡಿತವೋ, ಒಂದೊಂದನ್ನೇ ಬಿಡಿಸಿ ಮುಂದಿನ ವಾರ ಮಾಡಬಹುದಾದ ಸಣ್ಣ ಹೆಜ್ಜೆಯನ್ನು ಗೊತ್ತು ಮಾಡುತ್ತಾರೆ. ಔಷಧಿ ಬೇಕೆನಿಸಿದರೆ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ. ಒಂದೇ ಭೇಟಿಯಲ್ಲಿ ಎಲ್ಲವೂ ಸರಿಹೋಗುವುದೆಂದು ಎಣಿಸಬಾರದು. ಒಂದು ಸಲ ಗೊಬ್ಬರ ಹಾಕಿದ ಮಾತ್ರಕ್ಕೆ ಗಿಡ ಚೇತರಿಸಿಕೊಳ್ಳುವುದಿಲ್ಲವಷ್ಟೆ.

ಉಚಿತ ಸೌಲಭ್ಯಗಳು ಎಲ್ಲೆಲ್ಲಿ?

ಹಳ್ಳಿಯವರಿಗೂ ಮಾನಸಿಕ ಚಿಕಿತ್ಸೆ ಸಿಗಬೇಕೆಂಬ ಪ್ರಯತ್ನಕ್ಕೆ ನಮ್ಮ ರಾಜ್ಯವೇ ದಾರಿ ತೋರಿಸಿದೆ ಎಂದರೆ ತಪ್ಪಾಗಲಾರದು. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಸಕಲವಾರದ ತನ್ನ ಗ್ರಾಮೀಣ ಕೇಂದ್ರದಲ್ಲಿ ಇದನ್ನು ಪ್ರಯೋಗಿಸಿ ನೋಡಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಜಿಲ್ಲೆಯುದ್ದಕ್ಕೂ ಅದನ್ನು ನಡೆಸಲಾಯಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಇಂದು ಸದಸ್ಯರಿಗೆ ದೊರೆಯುವ ಸೌಲಭ್ಯಗಳು ಹೀಗಿವೆ:

ಟೆಲಿ ಮಾನಸ್: ದೂರವಾಣಿ ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಹಗಲೂ ರಾತ್ರಿ ಇರುತ್ತದೆ. ಕರೆಗೆ ಹಣವಿಲ್ಲ. ಕನ್ನಡವೂ ಸೇರಿ 20 ಭಾಷೆಗಳಲ್ಲಿ ಮಾತನಾಡಬಹುದಾದ್ದರಿಂದ ಹೊರರಾಜ್ಯಗಳಿಂದ ಬಂದು ನಮ್ಮ ಲೈನ್ ಮನೆಗಳಲ್ಲಿರುವ ಕಾರ್ಮಿಕ ಕುಟುಂಬಗಳಿಗೂ ಉಪಯುಕ್ತ. ತಂದೆ ತಾಯಿಯರೂ ಕರೆ ಮಾಡಿ ಸಲಹೆ ಕೇಳಬಹುದು.

ಜಿಲ್ಲಾ ಆಸ್ಪತ್ರೆ ಮತ್ತು ತಾಲ್ಲೂಕು ಆಸ್ಪತ್ರೆ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರೂ ಸಮಾಲೋಚಕರೂ ಇರುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ಗೊತ್ತಾದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಯಾವ ಮಂಗಳವಾರವೆಂದು ಆಸ್ಪತ್ರೆಯಲ್ಲಿ ಅಥವಾ ಊರಿನ ಆಶಾ ಕಾರ್ಯಕರ್ತೆಯಲ್ಲಿ ಮೊದಲೇ ವಿಚಾರಿಸಿ ಹೋದರೆ ಬಸ್ ಖರ್ಚು ವ್ಯರ್ಥವಾಗದು.

ಸ್ನೇಹ ಕ್ಲಿನಿಕ್: ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗಾಗಿಯೇ ಇರುವ ಸಮಾಲೋಚನಾ ವಿಭಾಗ.

ಯುವ ಸ್ಪಂದನ: ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ನಿಮ್ಹಾನ್ಸ್ ನೆರವಿನಿಂದ ರೂಪಿಸಿದ, ಯುವಜನರಿಗೆ ಮಾರ್ಗದರ್ಶನ ನೀಡುವ ಯೋಜನೆ. ಜಿಲ್ಲಾ ಕೇಂದ್ರದಲ್ಲಿರುವ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.

ಕುಡಿತ ಮತ್ತು ಮಾದಕ ವಸ್ತುಗಳ ಚಟ ಬಿಡಿಸುವ ಬಗ್ಗೆ ಕೇಂದ್ರ ಸರ್ಕಾರದ 14446, ಸಂಕಷ್ಟದಲ್ಲಿರುವ 18 ವರ್ಷದೊಳಗಿನ ಮಕ್ಕಳಿಗಾಗಿ 1098 ಸಂಖ್ಯೆಗಳೂ ಉಚಿತ.

ಕೆಲವು ಸಂದೇಹಗಳು

"ನಾಲ್ಕು ಜನರಿಗೆ ಗೊತ್ತಾದರೆ ಮಗಳ ಮದುವೆಗೆ ತೊಡಕಾಗದೇ?" ಇದು ನಿಜವಾದ ಅಂಜಿಕೆ. ಸಣ್ಣ ಊರಿನಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ನಿಂತರೂ ಸುದ್ದಿಯಾಗುತ್ತದೆ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯ ವಿಷಯ ಗುಟ್ಟಾಗಿರಬೇಕೆಂದು ವಿಧಿಸಿದೆ. ಪ್ರಾಣಾಪಾಯದಂಥ ಸಂದರ್ಭಗಳನ್ನು ಬಿಟ್ಟು ಸಮಾಲೋಚಕರು ವಿಷಯವನ್ನು ಹೊರಗೆ ಹೇಳುವಂತಿಲ್ಲ. ಅಷ್ಟಕ್ಕೂ ಅಂಜಿಕೆಯಿದ್ದರೆ ಮೊದಲು ದೂರವಾಣಿಯಲ್ಲಿ ಮಾತನಾಡಬಹುದು.

"ಆತ್ಮಹತ್ಯೆಗೆ ಯತ್ನಿಸಿದವನನ್ನು ಆಸ್ಪತ್ರೆಗೆ ಒಯ್ದರೆ ಪೊಲೀಸ್ ಕೇಸಾಗುತ್ತದೆ" ಎಂಬ ಭಯದಿಂದ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡಬಹುದು. ಆದರೆ ಅಂಥವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಿ ಅವನಿಗೆ ಆರೈಕೆ ಒದಗಿಸಬೇಕೆಂದು 2017ರ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಹಿಂದಿನ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಾಗೆಯೇ ಮುಂದುವರಿದಿಲ್ಲ. ಆದ್ದರಿಂದ ಯಾರೂ ಹೆದರದೆ ತಕ್ಷಣ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು.

"ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗದೇ?" ಆಗುವುದಿಲ್ಲ. ಮೆಲ್ಲಗೆ, ನೇರವಾಗಿ ಕೇಳಿದರೆ ಮನಸ್ಸಿನ ಭಾರ ಇಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ದುಡಿಯುವವರ ಅನುಭವ.

ಮನೆಯಲ್ಲಿ ನಾವು ಮಾಡಬೇಕಾದದ್ದು

ಎಲ್ಲಕ್ಕಿಂತ ಮೊದಲು, ಕೀಟನಾಶಕ ಮತ್ತು ಕಳೆನಾಶಕಗಳ ಡಬ್ಬಗಳನ್ನು ಜಗಲಿಯಲ್ಲೋ ಕೊಟ್ಟಿಗೆಯ ಅಟ್ಟದಲ್ಲೋ ಇಡುವ ರೂಢಿ ನಿಲ್ಲಬೇಕು. ಅವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಹಿರಿಯರೊಬ್ಬರೇ ಇಟ್ಟುಕೊಳ್ಳಬೇಕು. ಬೇಕಾದಷ್ಟೇ ಕೊಂಡು, ಉಳಿದದ್ದನ್ನು ವರ್ಷಗಟ್ಟಲೆ ಕೂಡಿಡಬಾರದು. ದುಡುಕಿನ ಗಳಿಗೆ ಬಹಳ ಹೊತ್ತು ಇರುವುದಿಲ್ಲ. ಆ ಹೊತ್ತಿಗೆ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುವ ಸಂಭವ ಹೆಚ್ಚು. ತೋಟದ ಕೋವಿಗೂ ಇದೇ ಮಾತು.

ಎರಡನೆಯದಾಗಿ, ಪರೀಕ್ಷೆಯ ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬಾರದು; ನೆರೆಮನೆಯವರ ಮಕ್ಕಳೊಡನೆ ಹೋಲಿಸಬಾರದು. ಸಾಲ ಮಾಡಿದ್ದು ತಿಳಿದರೆ ಮೊದಲು ಲೆಕ್ಕ ಕೇಳಿ, ಬೈಗುಳ ಆಮೇಲಿರಲಿ. ಮಗ ಸಮಾಲೋಚನೆಗೆ ಬರಲೊಪ್ಪದಿದ್ದರೆ ತಂದೆ ತಾಯಿಯರೇ ಮೊದಲು ಹೋಗಬಹುದು. ಮನೆಯವರ ನಡೆ ಬದಲಾದುದನ್ನು ಕಂಡು ಮಕ್ಕಳು ಹಿಂದೆಯೇ ಬರುವುದುಂಟು.

ಅಡಿಕೆಯ ಧಾರಣೆ ಇಳಿದರೆ ಮುಂದಿನ ವರ್ಷ ಏರೀತು. ಕಾಫಿ ಗಿಡ ಕಿತ್ತರೆ ಮತ್ತೊಂದು ನೆಡಬಹುದು. ಮಕ್ಕಳ ವಿಷಯ ಹಾಗಲ್ಲ. 14416 ಎಂಬ ಸಂಖ್ಯೆಯನ್ನು ಪ್ರತಿಯೊಬ್ಬ ಸದಸ್ಯರೂ ಬರೆದುಕೊಂಡು ಮನೆಯ ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಬೇಕೆಂದೂ, ಲೈನ್ ಮನೆಯವರಿಗೂ ತಿಳಿಸಬೇಕೆಂದೂ ವಿನಂತಿಸುತ್ತೇವೆ.