ಪರಮಾಣು ಬೀಜದ ಪಾಠ: ಯಾವ ಮಾದರಿ ಮೊದಲು?

ಅಧ್ಯಾಪಕ ಮಿತ್ರರೇ, ಹೋಳೂರಿನಿಂದ ಭೌತಶಾಸ್ತ್ರ ಓದಲು ಬಂದ ವಿದ್ಯಾರ್ಥಿಗೆ ಪರಮಾಣು ಬೀಜವನ್ನು ಹೇಗೆ ಪರಿಚಯಿಸುವಿರಿ? ಮೊದಲು ದ್ರವಬಿಂದು ಮಾದರಿಯನ್ನು ತೆಗೆದುಕೊಳ್ಳಿ. ನೀರಿನ ಹನಿ ಹಿಗ್ಗಿ ಎರಡಾಗುವಂತೆ ಯುರೇನಿಯಂ ಬೀಜ ಒಡೆಯುವುದು ಇದರಿಂದ ಅರ್ಥವಾಗುತ್ತದೆ. ಆದರೆ ತವರಕ್ಕೆ ಹತ್ತು ಸ್ಥಿರ ಐಸೋಟೋಪುಗಳು ಏಕೆಂದು ಹನಿ ಹೇಳಲಾರದು. ಅದಕ್ಕೆ 1949ರಲ್ಲಿ ಮೇಯರ್ ಮತ್ತು ಯೆನ್ಸನ್ ಮುಂದಿಟ್ಟ ಕವಚ ಮಾದರಿ ಬೇಕು. ತವರದ 50 ಪ್ರೋಟಾನುಗಳಿಗೆ ಒಂದು ಕವಚ ಭರ್ತಿಯಾಗುತ್ತದೆ.

ಉದಾಹರಣೆಗೆ ದೂರ ಹೋಗಬೇಕಿಲ್ಲ. 1980ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಿಜ್ಞಾನಿಗಳು ಪ್ರೋಟಾನಿನ ಕ್ಷಯವನ್ನು ಹುಡುಕಿದರು. ಅವರು ಕಾದು ಕುಳಿತ ಪ್ರೋಟಾನುಗಳು ಹೆಚ್ಚಾಗಿ ಕಬ್ಬಿಣದ ಬೀಜಗಳೊಳಗಿದ್ದವು. ಅಲ್ಲಿ ಅವು ಸುಮ್ಮನಿರುವುದಿಲ್ಲ. ಕ್ಷಯದಿಂದ ಹೊರಟ ಕಣವನ್ನು ಬೀಜವೇ ಹೀರಿಕೊಳ್ಳಲೂಬಹುದು. ಮಾದರಿ ತಪ್ಪಿದರೆ ಪ್ರಯೋಗದ ಲೆಕ್ಕವೂ ತಪ್ಪುತ್ತದೆ. ಆದ್ದರಿಂದ ಪ್ರತಿ ಮಾದರಿಯೊಡನೆ ಅದರ ಮಿತಿಯನ್ನೂ ಕಲಿಸಿ.