ಲಾಗಿನ್ ಮತ್ತು ಗುರುತಿನ ಬಿಲ್ಲೆ

ನಂಜನಗೂಡಿನ ದೊಡ್ಡ ಜಾತ್ರೆಯ ದಿನ ಶ್ರೀಕಂಠೇಶ್ವರನ ದರ್ಶನಕ್ಕೆ ಹೊರಟಿದ್ದೀರಿ ಎಂದು ಭಾವಿಸಿಕೊಳ್ಳಿ. ಚಪ್ಪಲಿ ಕಾಯುವವನು ನಿಮ್ಮ ಚಪ್ಪಲಿ ಇಟ್ಟುಕೊಂಡು, ಸಂಖ್ಯೆ ಬರೆದ ಒಂದು ಬಿಲ್ಲೆ ಕೊಡುತ್ತಾನೆ. ಸಾವಿರಾರು ಜನರ ನಡುವೆ ನಿಮ್ಮ ಮುಖ ಅವನಿಗೆ ನೆನಪಿರುವುದಿಲ್ಲ. ಬಿಲ್ಲೆ ತಂದವರಿಗೆ ಚಪ್ಪಲಿ, ಅಷ್ಟೆ. ಅದು ಬೇರೆಯವರ ಕೈ ಸೇರಿದರೆ ಚಪ್ಪಲಿಯೂ ಅವರ ಪಾಲು! ಅಂತರಜಾಲ ತಾಣಕ್ಕೆ ಲಾಗಿನ್ ಆದಾಗ ನಡೆಯುವುದೂ ಹೀಗೆಯೇ.

ಅಂತರಜಾಲದ ಪುಟಗಳನ್ನು ತಂದುಕೊಡುವ ನಿಯಮಾವಳಿಗೆ ಎಚ್‌ಟಿಟಿಪಿ ಎಂದು ಹೆಸರು. ಅದಕ್ಕೆ ನೆನಪಿನ ಶಕ್ತಿ ಇಲ್ಲ. ಒಂದು ಪುಟ ಕೇಳಿ ಮರುಕ್ಷಣವೇ ಇನ್ನೊಂದು ಕೇಳಿದರೂ ಸರ್ವರ್‌ಗೆ ನೀವು ಅಪರಿಚಿತರೇ. ಹಾಗಾದರೆ ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಪ್ರತಿ ಪುಟಕ್ಕೂ ಪಾಸ್‌ವರ್ಡ್ ಕೊಡಬೇಕೇ? ಬೇಕಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಅದೇ 'ಕುಕಿ'.

ಪಾಸ್‌ವರ್ಡ್ ಸರಿಯಿದ್ದರೆ ಸರ್ವರ್ ಯಾರೂ ಊಹಿಸಲಾಗದಂಥ ಉದ್ದನೆಯ ಸಂಕೇತವೊಂದನ್ನು ಸೃಷ್ಟಿಸಿ, ತನ್ನ ದಾಖಲೆಯಲ್ಲಿ ಅದರ ಮುಂದೆ ನಿಮ್ಮ ಹೆಸರನ್ನು ಬರೆದುಕೊಳ್ಳುತ್ತದೆ. ಅದೇ ಸಂಕೇತವನ್ನು ಕುಕಿಯ ರೂಪದಲ್ಲಿ ನಿಮ್ಮ ಬ್ರೌಸರ್‌ಗೂ ಕೊಡುತ್ತದೆ. ಮುಂದೆ ಪ್ರತಿ ಪುಟ ಕೇಳುವಾಗಲೂ ಬ್ರೌಸರ್ ಈ ಬಿಲ್ಲೆಯನ್ನು ತೋರಿಸುತ್ತದೆ. ಲಾಗಿನ್‌ನಿಂದ ಲಾಗ್‌ಔಟ್‌ವರೆಗಿನ ಈ ಅವಧಿಯೇ 'ಸೆಷನ್'.

ಬಿಲ್ಲೆ ಕದ್ದವನಿಗೆ ಪಾಸ್‌ವರ್ಡ್ ಬೇಕಾಗಿಯೇ ಇಲ್ಲ. 2010ರಲ್ಲಿ ಬಂದ 'ಫೈರ್‌ಶೀಪ್' ಎಂಬ ಸಣ್ಣ ತಂತ್ರಾಂಶ ಇದನ್ನು ಜಗತ್ತಿಗೇ ತೋರಿಸಿಕೊಟ್ಟಿತು. ಸಾರ್ವಜನಿಕ ವೈಫೈನಲ್ಲಿ ಗೂಢಲಿಪಿಯ ರಕ್ಷಣೆಯಿಲ್ಲದೆ ಹರಿಯುತ್ತಿದ್ದ ಕುಕಿಗಳನ್ನು ಹಿಡಿದು, ಪಕ್ಕದವರ ಫೇಸ್‌ಬುಕ್ ಖಾತೆಯೊಳಗೆ ಸಲೀಸಾಗಿ ನುಗ್ಗಬಹುದಾಗಿತ್ತು. ಇಂದು ಹೆಚ್ಚಿನ ತಾಣಗಳು ಗೂಢಲಿಪಿ ಬಳಸುವ ಎಚ್‌ಟಿಟಿಪಿಎಸ್ ಅನ್ನೇ ಅನುಸರಿಸುತ್ತವೆ.

ನಮ್ಮ ಜಿಲ್ಲೆಯದೇ ಉದಾಹರಣೆ ನೋಡೋಣ. ನಂಜನಗೂಡು, ತಿ. ನರಸೀಪುರ ಸೇರಿದಂತೆ ರಾಜ್ಯದ ತಾಲ್ಲೂಕುಗಳ ಪಹಣಿಗಳನ್ನು ಗಣಕೀಕರಿಸಿದ 'ಭೂಮಿ' ಯೋಜನೆಯಲ್ಲಿ, 2000ದ ದಶಕದ ಆರಂಭದಲ್ಲೇ ಸಿಬ್ಬಂದಿ ಬೆರಳಿನ ಗುರುತು ಕೊಟ್ಟು ಲಾಗಿನ್ ಆಗುವ ವ್ಯವಸ್ಥೆ ಬಂತು. ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಿಕೊಡಬಹುದು, ಬೆರಳನ್ನು ಕೊಡಲಾಗದು. ಆದರೆ ಬೆರಳು ಕಾಯುವುದು ಬಾಗಿಲನ್ನು ಮಾತ್ರ. ಯಾವುದೇ ಕಚೇರಿಯಲ್ಲಿ ಲಾಗಿನ್ ಆದವರು ಹಾಗೆಯೇ ಎದ್ದುಹೋದರೆ, ಆ ಕುರ್ಚಿಯಲ್ಲಿ ಕುಳಿತವರು ಮಾಡಿದ ಕೆಲಸವೆಲ್ಲ ಎದ್ದುಹೋದವರ ಹೆಸರಿಗೇ ಬರೆದುಕೊಳ್ಳುತ್ತದೆ.

ಆದ್ದರಿಂದ ತಂತ್ರಾಂಶ ಬರೆಯುವವರು ನಾಲ್ಕು ನಿಯಮಗಳನ್ನು ಪಾಲಿಸಬೇಕು. ಪ್ರತಿ ಲಾಗಿನ್‌ಗೂ ಹೊಸ ಬಿಲ್ಲೆ ಕೊಡಬೇಕು. ಅದು ಎಚ್‌ಟಿಟಿಪಿಎಸ್ ಮೂಲಕವೇ ಸಾಗಬೇಕು. ಕೆಲಕಾಲ ಬಳಕೆಯಿಲ್ಲದಿದ್ದರೆ ತಾನಾಗಿ ರದ್ದಾಗಬೇಕು. ಲಾಗ್‌ಔಟ್ ಒತ್ತಿದೊಡನೆ ಸರ್ವರ್‌ನ ದಾಖಲೆಯಿಂದಲೂ ಅಳಿಸಿಹೋಗಬೇಕು.

ನಿಮ್ಮ ಪಾಲಿನ ನಿಯಮ ಒಂದೇ. ತಿ. ನರಸೀಪುರದ ಯಾವುದೋ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬಿ, ಬಸ್ಸಿಗೆ ಹೊತ್ತಾಯಿತೆಂದು ಪುಟವನ್ನಷ್ಟೇ ಮುಚ್ಚಿ ಓಡಬೇಡಿ. ಪುಟ ಮುಚ್ಚಿದರೂ ಬಿಲ್ಲೆ ಆ ಯಂತ್ರದಲ್ಲೇ ಉಳಿದಿರಬಹುದು. ಮುಂದೆ ಕುಳಿತವರು ಆ ತಾಣ ತೆರೆದರೆ ನಿಮ್ಮ ಅರ್ಜಿ, ನಿಮ್ಮ ವಿವರಗಳು ಅವರೆದುರು ತೆರೆದುಕೊಳ್ಳುತ್ತವೆ. 'ಲಾಗ್‌ಔಟ್' ಒತ್ತಿ, ಲಾಗಿನ್ ಪುಟ ಮತ್ತೆ ಕಾಣಿಸಿತೇ ಎಂದು ನೋಡಿಕೊಂಡೇ ಮೇಲೇಳಿ.